ಎಂಟು ಎಳಿ, ಒಂದು ಎಳಿ: ಪ್ರಿಂಟರಿನ ತಂತಿ ಕಥಿ

ಅಕ್ಕಾರ, ವೈನ್ಯಾರ, ಈ ಸಲ ಅಡಿಗಿ ಮನಿ ಬಿಟ್ಟು ಪ್ರಿಂಟರಿನ ಹಿಂದ ಹಣಕಿ ಹಾಕೂಣು. ಹಳೇ ಪ್ರಿಂಟರಿಗೆ ಅಗಲ ಬಾಯಿಯ ದಪ್ಪ ಕೇಬಲ್ ಇರ್ತದಲ್ಲ, ಅದರ ಇತಿಹಾಸ ನಮ್ಮ ಮನಿ ಪದ್ಧತಿಗಳ ಹಂಗನ ಅದ. ಮನ್ಯಾಗ ಉಳಿದದ್ದರಾಗ ಮಾಡಿದ್ದು, ಮುಂದ ಅದೇ ಶಾಸ್ತ್ರ ಆತು.

1970ರಲ್ಲಿ ಅಮೆರಿಕಾದ ಸೆಂಟ್ರಾನಿಕ್ಸ್ ಕಂಪನಿ ‘ಮಾಡೆಲ್ 101’ ಅನ್ನೋ ಪ್ರಿಂಟರ್ ತಂತು. ಅದರ ಜೊತಿಗಿದ್ದ ಆನ್ ವಾಂಗ್ ಅವರ ಕಂಪನಿಯೊಳಗ ಕ್ಯಾಲ್ಕ್ಯುಲೇಟರಿಗೆ ತರಿಸಿದ್ದ 36 ಪಿನ್ನಿನ ಕನೆಕ್ಟರ್ 20,000 ಉಳಿದಿದ್ದವು. ಅವನ್ನೇ ಪ್ರಿಂಟರಿಗೆ ಹಚ್ಚಿದರು. ಬ್ಯಾರೆ ಕಂಪನಿಗಳೂ ಅದನ್ನೇ ಹಿಡಿದವು.

ಇದು ಪ್ಯಾರಲಲ್ ಪದ್ಧತಿ. ಒಂದು ಅಕ್ಷರಕ್ಕ ಎಂಟು ಬಿಟ್. ಎಂಟು ತಂತಿ ಮ್ಯಾಲೆ ಎಂಟೂ ಒಮ್ಮೆಲೇ ಹೋಗ್ತಾವ, ಎಂಟು ಮಂದಿ ಹೆಣ್ಮಕ್ಕಳು ಸಾಲಾಗಿ ಕೊಡ ಹೊತ್ತು ಒಂದೇ ಹೆಜ್ಜಿ ಇಟ್ಟಂಗ. ಜೊತಿಗೆ ಮಾತಾಡೋ ತಂತಿಗಳೂ ಅದಾವ. ಕಂಪ್ಯೂಟರ್ ‘ತಗೋ’ ಅಂತದ. ಪ್ರಿಂಟರ್ ‘ತಡಿ, ಕೈ ತುಂಬ್ಯಾವ’ ಅಂತದ. ಮುಗಿದ ಮ್ಯಾಲೆ ‘ಮುಟ್ಟಿತು’ ಅಂತದ.

ಸೀರಿಯಲ್ ಇದಕ್ಕಿಂತ ಹಿರಿದು. ಆರ್‌ಎಸ್-232 ಅನ್ನೋ ಅದರ ನಿಯಮ 1960ರದು, ಮೋಡೆಮ್ ಜೋಡಿಸಲಿಕ್ಕೆ ಮಾಡಿದ್ದು. ಇಲ್ಲಿ ಬಿಟ್‌ಗಳು ಒಂದರ ಹಿಂದ ಒಂದು, ಸಣ್ಣ ಓಣ್ಯಾಗ ಹೊಂಟಂಗ. ಪ್ಯಾರಲಲ್ ಕೇಬಲ್ ಎರಡು-ಮೂರು ಮೀಟರ್ ದಾಟಿದರ ತ್ರಾಸು. ಇದು ಹದಿನೈದು ಮೀಟರ್ ದೂರನೂ ಸಲೀಸಾಗಿ ಹೋಗ್ತಿತ್ತು. ಆದರ ಎರಡೂ ಕಡೆ ವೇಗ ಒಂದೇ ಇರಬೇಕು. ನಾನು ಕೆಲಸ ಮಾಡ್ತಿದ್ದ ಆಫೀಸಿನ್ಯಾಗ ಒಂದು ಪಗಾರದ ದಿನ ಪಟ್ಟಿ ತುಂಬ ಬರೇ ಚಿನ್ಹೆಗಳು ಬಂದುವು, ಒಂದು ಹೆಸರೂ ಓದಲಿಕ್ಕೆ ಬರವಲ್ದು. ಕಂಪ್ಯೂಟರ್ 9600 ವೇಗದಾಗ ಕಳಸ್ತಿತ್ತು, ಪ್ರಿಂಟರ್ 2400ಕ್ಕ ಕೂತಿತ್ತು. ಒಳಗಿನ ಪುಟ್ಟ ಸ್ವಿಚ್ ಸರಿಸಿದ ಮ್ಯಾಲೆ ಮಂದಿಗೆ ಪಗಾರ ಸಿಕ್ಕಿತು. ಪ್ಯಾರಲಲ್‌ಗೆ ಈ ತಾಪತ್ರಯ ಇರಲಿಲ್ಲ, ಚುಚ್ಚಿದರ ಆತು. ಅದಕ್ಕ 1981ರ ಐಬಿಎಂ ಪಿಸಿ ಬಂದ ಮ್ಯಾಲೆ ಮಂದಿ ಪ್ರಿಂಟರಿಗೆ ಅದನ್ನೇ ಹೆಚ್ಚು ಬಳಸಿದರು. ಕಂಪ್ಯೂಟರಿನ ಕಡೆ 25 ಪಿನ್ನು, ಪ್ರಿಂಟರಿನ ಕಡೆ ಅದೇ 36ರ ಹಳೇ ಬಾಯಿ.

ಹಂಗಾದರ ಎಂಟು ಎಳಿ ಗೆದ್ದು ಒಂದು ಎಳಿ ಸೋತಿತೇನು? ಇಲ್ರಿ. ವೇಗ ಹೆಚ್ಚಿಸಿದಂಗ ಎಂಟು ತಂತಿ ಮ್ಯಾಲಿನ ಬಿಟ್‌ಗಳು ಒಂದೇ ಹೊತ್ತಿಗೆ ಮುಟ್ಟೂದು ಕಠಿಣ. ಒಬ್ಬಾಕಿ ಹಿಂದ ಬಿದ್ದರೂ ಎಲ್ಲಾರೂ ನಿಲ್ಲಬೇಕು. ಒಂದೇ ಸಾಲಿಗೆ ಆ ಕಾಟ ಇಲ್ಲ. 1996ರಲ್ಲಿ ಬಂದ ಯುಎಸ್‌ಬಿಯೊಳಗಿನ ‘ಎಸ್’ ಅಂದ್ರ ಸೀರಿಯಲ್‌ನ. ಅದನ್ನ ರೂಪಿಸಿದವರೊಳಗ ಬರೋಡಾದಾಗ ಓದಿದ ಅಜಯ್ ಭಟ್ ಪ್ರಮುಖರು.

ಇದನ್ನೆಲ್ಲಾ ಯಾಕ ಬರದೆ ಅಂದ್ರ, ನಮ್ಮ ಓಣ್ಯಾಗ ಹಪ್ಪಳ-ಶಾವಿಗಿ ಮಾರೋ ಒಬ್ಬ ವೈನಿ ಚಲೋ ಇದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನ ಗುಜರಿಗೆ ಹಾಕಲಿಕ್ಕೆ ಹೊಂಟಾರ, ಹೊಸ ಲ್ಯಾಪ್‌ಟಾಪಿಗೆ ಆ ಬಾಯಿ ಇಲ್ಲಂತ. ಕಾರ್ಬನ್ ಇಟ್ಟು ಎರಡು ಪ್ರತಿ ಬಿಲ್ ತಗಿಯೂದು ಸೂಜಿ ಬಡಿಯೋ ಈ ಪ್ರಿಂಟರಿಗೇ ಸಾಧ್ಯ, ಶಾಯಿ ಸಿಂಪಡಿಸೋ ಹೊಸದಕ್ಕ ಆಗೂದಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗೋ ಕೇಬಲ್ ಪೇಟ್ಯಾಗ ಸಿಗ್ತದ. ಜೋಡಿಸೋ ಮೊದಲು ಪ್ರಿಂಟರ್ ಬಂದ್ ಮಾಡ್ರಿ, ಪಿನ್ನು ಬಾಗಿಲ್ಲ ಅಂತ ನೋಡ್ರಿ. ನಡೀಯೋ ಸಾಮಾನನ್ನ ತೂಕಕ್ಕ ಹಾಕಬ್ಯಾಡ್ರಿ.