ಎಷ್ಟು ಚೀನೀ ಕಲಿತರೆ ಸಾಕು?

ನಮ್ಮ ತಂದೆ ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಹೋಟೆಲ್ ಸೇರಿದಾಗ ಅವರಿಗೆ ಬರುತ್ತಿದ್ದ ಮರಾಠಿ ನಾಲ್ಕೇ ಮಾತು. ಏನು ಬೇಕು, ಎಷ್ಟು ಬೇಕು, ಎಷ್ಟಾಯ್ತು, ಮತ್ತೆ ಬನ್ನಿ. "ಗಲ್ಲಾದ ಹಿಂದೆ ಕೂತವನಿಗೆ ಇಷ್ಟು ಸಾಕು ಮಾರಾಯ" ಅನ್ನುತ್ತಿದ್ದರು. 2007ರಲ್ಲಿ ಕಂಪನಿ ನನ್ನನ್ನು ಒಂದೂವರೆ ವರ್ಷಕ್ಕೆ ಶಾಂಘೈಗೆ ಕಳಿಸಿದಾಗ ನಾನು ಹಾಕಿಕೊಂಡದ್ದೂ ಅದೇ ಲೆಕ್ಕ.

ಒಂದು ತಿಂಗಳಲ್ಲಿ ಅಂಕಿಗಳು ಬಂದವು. "ದ್ವೊ ಷಾವ್ ಚ್ಯೆನ್" ಅಂದರೆ ಎಷ್ಟು ದುಡ್ಡು, "ಥಾಯ್ ಕ್ವೆಯ್" ಅಂದರೆ ತುಂಬಾ ದುಬಾರಿ. ಕೊಳ್ಳುವುದಕ್ಕೂ "ಮಾಯ್", ಮಾರುವುದಕ್ಕೂ "ಮಾಯ್". ದನಿ ಇಳಿದು ಏರಿದರೆ ಕೊಳ್ಳುವುದು, ಥಟ್ಟನೆ ಬಿದ್ದರೆ ಮಾರುವುದು. ನಾನು ಎಷ್ಟು ಸಲ ತರಕಾರಿಯವಳಿಗೇ ಟೊಮೆಟೊ ಮಾರಲು ಹೋದೆನೋ! ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಸಂಸಾರ ಸಾಗಿತ್ತು.

ಒಂದು ರಾತ್ರಿ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಟ್ಯಾಕ್ಸಿಯವನಿಗೆ ಎಡಕ್ಕೆ, ಬಲಕ್ಕೆ ಅಂತ ಹೇಳಿ ಆಸ್ಪತ್ರೆ ಮುಟ್ಟಿದೆ. ಅಲ್ಲಿಗೆ ನನ್ನ ಚೀನೀ ಮುಗಿಯಿತು. ಡಾಕ್ಟರು "ನಾಲಿ ಥಂಗ್?" ಅಂತ ಎರಡು ಮೂರು ಸಲ ಕೇಳಿದರು. ಎಲ್ಲಿ ನೋವು ಅಂತ ಅಷ್ಟೇ. ನನಗೆ ತಿಳಿಯಲಿಲ್ಲ. ಆಕೆ ಕೈಯಿಟ್ಟು ತೋರಿಸಿದಳು. ಆದರೆ ಯಾವಾಗಿನಿಂದ, ಏನು ತಿಂದದ್ದು, ಮೊದಲು ಹೀಗಾಗಿತ್ತಾ, ಇವನ್ನೆಲ್ಲ ಕೈಯಲ್ಲಿ ತೋರಿಸುವುದು ಹೇಗೆ? ಬೆಳಗಿನ ಹೊತ್ತಿಗೆ ನೋವು ಇಳಿಯಿತು. ನನ್ನ ನಾಚಿಕೆ ಇಳಿಯಲಿಲ್ಲ.

ಹಿಂದಿನವರು ಹೇಗೆ ನಿಭಾಯಿಸಿದರು ಅಂತ ಓದತೊಡಗಿದ್ದು ಆಮೇಲೆ. ನನ್ನಂಥವರ ವಂಶ ದೊಡ್ಡದು. 1757ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಪಾಶ್ಚಾತ್ಯರ ಸಮುದ್ರ ವ್ಯಾಪಾರವನ್ನೆಲ್ಲ ಕ್ಯಾಂಟನ್ ಬಂದರೊಂದಕ್ಕೇ ಕಟ್ಟಿಹಾಕಿದ. ಪರದೇಶಿಗಳಿಗೆ ಚೀನೀ ಕಲಿಸಲೂಬಾರದು ಅಂತ ಆಯಿತು. ಈಸ್ಟ್ ಇಂಡಿಯಾ ಕಂಪನಿಯ ದುಭಾಷಿ ಜೇಮ್ಸ್ ಫ್ಲಿಂಟ್ 1759ರಲ್ಲಿ ಬಡಗಣಕ್ಕೆ ಹೋಗಿ ಚೀನೀಯಲ್ಲೇ ದೂರು ಅರ್ಜಿ ಕೊಟ್ಟ. ಅವನಿಗೆ ಮೂರು ವರ್ಷ ಸೆರೆ. ಅರ್ಜಿ ಬರೆಯಲು ನೆರವಾದ ಚೀನೀಯನಿಗೆ ಮರಣದಂಡನೆ. 1807ರಲ್ಲಿ ಬಂದ ಪಾದ್ರಿ ರಾಬರ್ಟ್ ಮಾರಿಸನ್ ಕೂಡ ಕದ್ದುಮುಚ್ಚಿಯೇ ಕಲಿಯಬೇಕಾಯಿತು. ಅವನ ದೊಡ್ಡ ನಿಘಂಟು 1815ರಿಂದ 1823ರವರೆಗೆ ಸಂಪುಟ ಸಂಪುಟವಾಗಿ ಹೊರಬಂತು.

ಹಾಗಾದರೆ ವ್ಯಾಪಾರ ನಡೆದದ್ದು ಹೇಗೆ? ಪಿಜಿನ್ ಇಂಗ್ಲಿಷಿನಲ್ಲಿ. ಕೆಲವು ನೂರು ಇಂಗ್ಲಿಷ್ ಪದ, ಚೀನೀ ವಾಕ್ಯದ ಅಚ್ಚು, ಜೊತೆಗೆ ಪೋರ್ಚುಗೀಸಿನ ಚೂರುಪಾರು, ನಮ್ಮ ಕಡೆಯ "ಚಿಟ್ಟಿ", "ಸರಾಫ". ಆ ಸರಾಫ ಹಾಂಗ್‌ಕಾಂಗಿನಲ್ಲಿ ಈಗಲೂ ಇದ್ದಾನೆ. ಅಲ್ಲಿ ದುಡ್ಡು ಕಟ್ಟುವ ಕೌಂಟರಿನ ಹೆಸರೇ "ಶ್ರಾಫ್". ಮಾತು ಕಲಿಯುವ ಕಷ್ಟ ಹೆಚ್ಚಾಗಿ ಬಿದ್ದದ್ದು ಚೀನೀಯರ ಮೇಲೇ. ಇಂಗ್ಲಿಷ್ ಉಚ್ಚಾರಣೆಯನ್ನು ಚೀನೀ ಅಕ್ಷರದಲ್ಲಿ ಬರೆದ ಅಗ್ಗದ ಪುಸ್ತಿಕೆ ಹಿಡಿದು ಅಂಗಡಿಯವರು ಪಾಠ ಒಪ್ಪಿಸುತ್ತಿದ್ದರು.

ಮುಂಬಯಿಯ ಪಾರ್ಸಿಗಳೂ ಅಲ್ಲಿದ್ದರು. ಜಮ್ಸೆಟ್‌ಜಿ ಜೀಜೀಭಾಯ್ ಚೀನಾ ಯಾತ್ರೆ ಶುರು ಮಾಡಿದ್ದು 1799ರಲ್ಲಿ. ಹತ್ತಿಯಲ್ಲೂ ಅಫೀಮಿನಲ್ಲೂ ಗಳಿಸಿದರು. ನಾವೆಲ್ಲ ಚೀಟಿ ಹಿಡಿದು ಸಾಲು ನಿಲ್ಲುವ ಜೆ.ಜೆ. ಆಸ್ಪತ್ರೆ 1845ರಲ್ಲಿ ತೆರೆದದ್ದು ಅವರ ದಾನದಿಂದ. ಅಫೀಮು ಮಾರಲು ಕೆಲವು ನೂರು ಪದ ಸಾಕಾಯಿತು. ಕೊಂಡವನ ಮನೆಯಲ್ಲಿ ಏನಾಯಿತು ಅಂತ ಕೇಳಲು ಆ ಭಾಷೆಯಲ್ಲಿ ಜಾಗವಿರಲಿಲ್ಲ. ಅಫೀಮು ಯುದ್ಧ ಮುಗಿದು, 1844ರ ಅಮೆರಿಕ–ಚೀನಾ ಒಪ್ಪಂದ ಬಂದಾಗ ಚೀನೀ ಗುರುವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಅದರಲ್ಲಿ ಬರೆಸಿಕೊಂಡರು.

ಇದಕ್ಕೆ ಎದುರಾಗಿ ನನಗೆ ನೆನಪಾಗುವವರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಮುಂಬಯಿಯಲ್ಲಿ ವೈದ್ಯಕೀಯ ಓದಿ, 1938ರಲ್ಲಿ ಐವರು ಡಾಕ್ಟರುಗಳ ತಂಡದಲ್ಲಿ ಚೀನಾಕ್ಕೆ ಹೋದರು. ಗಾಯಾಳುವಿನ ಮುಂದೆ ನಿಂತವನಿಗೆ ಪಿಜಿನ್ ಸಾಲದು. ಅವರು ಚೀನೀ ಮಾತಾಡಲು ಕಲಿತರು, ಓದಲು ಕಲಿತರು, ಚೀನೀಯಲ್ಲೇ ಪಾಠ ಹೇಳಿದರು. 1941ರಲ್ಲಿ ಅಲ್ಲಿನ ಬೆತ್ಯೂನ್ ಆಸ್ಪತ್ರೆಯ ಮುಖ್ಯಸ್ಥರಾದರು, ನರ್ಸ್ ಗುವೊ ಚಿಂಗ್‌ಲಾನ್‌ರನ್ನು ಮದುವೆಯಾದರು. ಮಗನ ಹೆಸರು ಯಿನ್‌ಹುವಾ, ಅಂದರೆ ಭಾರತ–ಚೀನಾ. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೇ ತೀರಿಕೊಂಡರು.

ಹಾಗಂತ ಎಲ್ಲರೂ ಕೋಟ್ನಿಸ್ ಆಗಬೇಕಿಲ್ಲ. ಪತ್ರಿಕೆ ಓದಲು ಎರಡು ಮೂರು ಸಾವಿರ ಅಕ್ಷರ ಬೇಕು. ಒಂದೂವರೆ ವರ್ಷದಲ್ಲಿ ಅದು ನನ್ನಿಂದ ಆಗಲಿಲ್ಲ. 2010ರಲ್ಲಿ ಹೊಸದಾಗಿ ರೂಪಿಸಿದ ಎಚ್‌ಎಸ್‌ಕೆ ಪರೀಕ್ಷೆಯ ಮೊದಲ ಹಂತಕ್ಕೆ 150 ಪದ ಇತ್ತು, ಮೂರನೆಯದಕ್ಕೆ 600. ನನ್ನ ಅನುಭವದಲ್ಲಿ ಮೊದಲಿನ 150 ಸಂತೆಗೆ ಸಾಕು. ಮನುಷ್ಯರ ಜೊತೆ ಬಾಳಲು ಆ 600ರ ಹತ್ತಿರ ಹೋಗಬೇಕು. ಇವತ್ತು ಮೊಬೈಲೇ ಅನುವಾದ ಮಾಡಿಕೊಡುತ್ತೆ, ನಿಜ. ಆದರೆ ನೋವಲ್ಲಿರುವವರು ಮೊಬೈಲಿನ ಮುಖ ನೋಡುವುದಿಲ್ಲ, ನಮ್ಮ ಮುಖ ನೋಡ್ತಾರೆ.

ಆಸ್ಪತ್ರೆಯ ಕಥೆಯನ್ನು ಫೋನಿನಲ್ಲಿ ತಂದೆಗೆ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನೀನು ಹುಟ್ಟುವಾಗ ನಾನೂ ಹಾಗೇ ನಿಂತಿದ್ದೆ. ನರ್ಸು ಹೇಳಿದ್ದು ಒಂದೂ ತಿಳಿಯಲಿಲ್ಲ. ಮರುದಿನದಿಂದಲೇ ಮರಾಠಿ ಸರಿಯಾಗಿ ಕಲೀಲಿಕ್ಕೆ ಶುರು ಮಾಡಿದ್ದು."

ಇದನ್ನು ಅವರು ನಾನು ಹೊರಡುವ ಮೊದಲೇ ಹೇಳಬಹುದಿತ್ತು. ಅದಕ್ಕೇ ಈಗ ಹೊರಡುವವರಿಗೆ ನಾನು ಹೇಳುತ್ತೇನೆ: ಅಂಕಿ ಕಲಿಯಿರಿ, ಆದರೆ "ಎಷ್ಟು" ಜೊತೆಗೆ "ಎಲ್ಲಿ ನೋವು" ಅನ್ನುವುದನ್ನೂ ಮೊದಲ ವಾರವೇ ಕಲಿತುಬಿಡಿ.