ಪ್ರಶ್ನೆಗೆ ಬಿದ್ದ ಬೀಗ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಅಂತರ್ಜಾಲದ ಇತಿಹಾಸದಲ್ಲಿ ಒಮ್ಮೆ ಇದಕ್ಕಿಂತಲೂ ವಿಚಿತ್ರವಾದುದು ನಡೆಯಿತು. ಬಾಗಿಲು ತೆರೆದೇ ಇತ್ತು, ಬಾಗಿಲೆಲ್ಲಿ ಎಂದು ಕೇಳುವ ಪ್ರಶ್ನೆಗೆ ಬೀಗ ಬಿತ್ತು.

2001ರ ಕೋಡ್ ರೆಡ್, 2003ರ ಜನವರಿಯ ಸ್ಲ್ಯಾಮರ್ ಮೊದಲಾದ ಕಂಪ್ಯೂಟರ್ ಹುಳುಗಳು ಒಂದರ್ಥದಲ್ಲಿ ಕುರುಡು. ಸಿಕ್ಕಸಿಕ್ಕ ವಿಳಾಸಗಳ ಬಾಗಿಲು ಬಡಿಯುತ್ತಾ ಅವು ಹರಡಿದವು. 2004ರ ಡಿಸೆಂಬರ್‌ನಲ್ಲಿ ಕಾಣಿಸಿಕೊಂಡ ‘ಸ್ಯಾಂಟಿ’ಯ ದಾರಿಯೇ ಬೇರೆ. ಪಿಎಚ್‌ಪಿ-ಬಿಬಿ ಎಂಬ ಉಚಿತ ತಂತ್ರಾಂಶದಿಂದ ನಡೆಯುತ್ತಿದ್ದ ಚರ್ಚಾತಾಣಗಳಲ್ಲಿ ಒಂದು ಬಿರುಕಿತ್ತು. ಆ ತಾಣಗಳ ಪುಟಗಳಿಗೆಲ್ಲ ಒಂದೇ ಬಗೆಯ ಹೆಸರು. ಹುಳು ನೇರವಾಗಿ ಗೂಗಲ್ ಬಳಿ ಹೋಗಿ ಆ ಹೆಸರನ್ನು ಕೇಳುತ್ತಿತ್ತು. ಗೂಗಲ್ ವಿಳಾಸಗಳ ಪಟ್ಟಿಯನ್ನೇ ಕೊಡುತ್ತಿತ್ತು. ಹುಳು ಒಳನುಗ್ಗಿ ಪುಟಗಳನ್ನು ಅಳಿಸಿ, ತಾನು ಎಷ್ಟನೆಯ ತಲೆಮಾರೆಂಬುದನ್ನೂ ಅಲ್ಲಿ ಬರೆದಿಡುತ್ತಿತ್ತು. ಸುಮಾರು 40,000 ತಾಣಗಳು ಹಾಳಾದವೆಂದು ಆಗ ವರದಿಯಾಯಿತು.

ಒಂದೆರಡು ದಿನಗಳಲ್ಲೇ ಗೂಗಲ್ ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ವಿಳಾಸ ಸಿಗದ ಹುಳು ಅಲ್ಲಿಗೇ ತಣ್ಣಗಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಕ್ರಿಸ್‌ಮಸ್ ವೇಳೆಗೆ ಅದರ ತಮ್ಮಂದಿರು ಹುಟ್ಟಿಕೊಂಡು ಯಾಹೂ, ಎಒಎಲ್‌ಗಳನ್ನು ಕೇಳತೊಡಗಿದರು. ಒಬ್ಬ ಬಾಯಿ ಮುಚ್ಚಿದರೆ ಇನ್ನೊಬ್ಬನನ್ನು ಕೇಳಿದರಾಯಿತಲ್ಲ!

ಇಂಥ ಪ್ರಶ್ನೆಗಳನ್ನು ಕೇಳುವವರೆಲ್ಲ ಕಳ್ಳರೇ? ಅಮೆರಿಕದ ಜಾನಿ ಲಾಂಗ್ ಎಂಬ ಭದ್ರತಾ ತಜ್ಞ 2002ರಿಂದಲೇ ಇವುಗಳನ್ನು ಸಂಗ್ರಹಿಸುತ್ತಿದ್ದ. ತಾಣದ ಒಡೆಯ ತನ್ನ ಮನೆಯ ಬಿರುಕನ್ನು ತಾನೇ ಮೊದಲು ಕಾಣಲೆಂಬುದು ಆತನ ಆಶಯ. ಅದೇ ಪಟ್ಟಿ ಕಳ್ಳನಿಗೂ ಉಪಯೋಗಕ್ಕೆ ಬರುತ್ತದೆಂಬುದೂ ಸುಳ್ಳಲ್ಲ. ಚಾಕು ಅಡುಗೆಯವನ ಕೈಯಲ್ಲೂ ಇರುತ್ತದೆ, ಕೊಲೆಗಾರನ ಕೈಯಲ್ಲೂ ಇರುತ್ತದೆ. ಯಂತ್ರ ಮಾತ್ರ ಕೈಯನ್ನು ನೋಡುವುದಿಲ್ಲ, ಚಾಕುವನ್ನಷ್ಟೇ ನೋಡುತ್ತದೆ. ಮುಂದಿನ ವರ್ಷಗಳಲ್ಲಿ ಇಂಥ ಪ್ರಶ್ನೆ ಕೇಳಿದ ಅನೇಕರಿಗೆ ‘ಕ್ಷಮಿಸಿ, ನಿಮ್ಮ ಕೋರಿಕೆ ವೈರಸ್ಸಿನ ಕೋರಿಕೆಯಂತಿದೆ’ ಎಂಬರ್ಥದ ಉತ್ತರ ದೊರೆಯಿತು. ತಾನು ಮನುಷ್ಯನೆಂದು ತೋರಿಸಲು ಸೊಟ್ಟ ಅಕ್ಷರಗಳನ್ನು ಓದಿ ಬರೆಯಬೇಕಾಯಿತು.

ಕೇಳಿದ್ದೇನು ಎಂಬುದಕ್ಕಿಂತ ಮೊದಲು ಕೇಳಿದವನು ಯಾರೆಂದು ಶಂಕಿಸುವ ಕಣ್ಣು ನಮಗೇನೂ ಅಪರಿಚಿತವಲ್ಲ. ‘ಓದು’ ಎಂಬ ಮೊದಲ ಆದೇಶದಿಂದ ಆರಂಭವಾದ ಪರಂಪರೆಯವರಾದ ನಮಗೆ ಪ್ರಶ್ನೆಯನ್ನೇ ಅಪರಾಧವಾಗಿ ಕಾಣುವುದು ಸಲೀಸಾಗಿ ಒಪ್ಪಿಗೆಯಾಗುವ ಮಾತಲ್ಲ. ಹಾಗೆಂದು ಊರಿಗೆ ಬೆಂಕಿ ಬಿದ್ದಾಗ ದಾರಿ ತಡೆದವರನ್ನು ದೂರುವುದೂ ನ್ಯಾಯವಲ್ಲ. ಬೆಂಕಿ ಆರಿದ ಮೇಲೂ ದಾರಿ ಮುಚ್ಚಿಯೇ ಇದ್ದರೆ ಯಾರನ್ನು ಕೇಳಬೇಕೆಂಬುದು ನಮ್ಮ ಚಿಂತೆ. ಆ ತೀರ್ಮಾನ ಒಂದು ಖಾಸಗಿ ಕಂಪೆನಿಯ ಕೈಯಲ್ಲಿತ್ತು, ಬಹುಮಟ್ಟಿಗೆ ಇಂದಿಗೂ ಅಲ್ಲಿಯೇ ಇದೆ.

ಇನ್ನೊಂದು ಮಾತು. ಆ ಬಿರುಕನ್ನು ಮುಚ್ಚುವ ತಂತ್ರಾಂಶದ ಹೊಸ ಆವೃತ್ತಿ 2004ರ ನವೆಂಬರ್‌ನಲ್ಲೇ, ಅಂದರೆ ಹುಳು ಬರುವ ಒಂದು ತಿಂಗಳು ಮೊದಲೇ, ಉಚಿತವಾಗಿ ಬಿಡುಗಡೆಯಾಗಿತ್ತು. ಹಾಕಿಕೊಂಡವರು ಉಳಿದರು. ಹಾಕಿಕೊಳ್ಳದವರಲ್ಲಿ ಸೋಮಾರಿಗಳೂ ಇದ್ದಿರಬಹುದು, ಹೇಳಿಕೊಡುವವರಿಲ್ಲದ ಬಡ ಸಂಸ್ಥೆಗಳೂ ಇದ್ದಿರಬಹುದು. ಗೂಗಲ್ ಪ್ರಶ್ನೆಗೆ ಬೀಗ ಹಾಕಿ ಇವರಿಗೆ ಕೆಲವು ದಿನಗಳ ಕಾಲಾವಕಾಶ ಕೊಟ್ಟಿತು. ಆದರೆ ಅವರವರ ಬಾಗಿಲಿಗೆ ಚಿಲಕ ಹಾಕುವ ಕೆಲಸ ಹಾಗೆಯೇ ಉಳಿದಿತ್ತು. ಅದನ್ನು ಅವರೇ ಮಾಡಬೇಕಿತ್ತು, ಇಲ್ಲವೇ ಬಲ್ಲ ನೆರೆಯವರು ಹೋಗಿ ಮಾಡಿಕೊಡಬೇಕಿತ್ತು.