ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಟ್ಯಾಲಿವರೆಗೆ: ದಿಂಡಿಗಲ್–ತೇನಿ ಸೀಮೆಯ ಕಂಪ್ಯೂಟರ್ ಕಲಿಕೆ

ತಮಿಳುನಾಡಿನ ದಿಂಡಿಗಲ್, ತೇನಿ ಮತ್ತು ಕಂಬಂ ಕಣಿವೆಯಲ್ಲಿ ಕಚೇರಿ ಕೆಲಸದ ಕಂಪ್ಯೂಟರ್ ಕಲಿಕೆಗೆ ಟೈಪಿಂಗ್ ಇನ್‌ಸ್ಟಿಟ್ಯೂಟೇ ತವರು. ರಾಜ್ಯದ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ ನಡೆಸುವ ಬೆರಳಚ್ಚು ಪರೀಕ್ಷೆಗಳಿಗೆ ಇಲ್ಲಿನ ಹುಡುಗ ಹುಡುಗಿಯರು ಹತ್ತನೆಯ ತರಗತಿ ಮುಗಿದ ರಜೆಯಲ್ಲೇ ಸೇರುತ್ತಿದ್ದರು. ಎಡಗೈಗೆ ಎ, ಎಸ್, ಡಿ, ಎಫ್, ಬಲಗೈಗೆ ಸೆಮಿಕೋಲನ್, ಎಲ್, ಕೆ, ಜೆ: ಮೊದಲ ಪಾಠ ಅಷ್ಟೇ. ನಿಮಿಷಕ್ಕೆ 30 ಪದದ ವೇಗ ಬಂದರೆ ಇಂಗ್ಲಿಷ್ ‘ಲೋವರ್’, 45 ಬಂದರೆ ‘ಹೈಯರ್’. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕಾಯುವುದು ಮಾಮೂಲು ದಾರಿ. ಹಳೆಯ ಮಧುರೆ ಜಿಲ್ಲೆಯಿಂದ 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಬೇರೆಯಾದಾಗ ಎರಡು ಕಡೆಯೂ ಹೊಸ ಜಿಲ್ಲಾ ಕಚೇರಿಗಳು ಬಂದವು, ಅವುಗಳೊಂದಿಗೆ ಗುಮಾಸ್ತರ ಮತ್ತು ಬೆರಳಚ್ಚುಗಾರರ ಹುದ್ದೆಗಳೂ ಬಂದವು. ಇನ್‌ಸ್ಟಿಟ್ಯೂಟ್‌ಗಳಿಗೆ ಅದು ಒಳ್ಳೆಯ ಕಾಲ.

ಯಂತ್ರದ ಮೇಲಿನ ತಮಿಳು ಕೀಲಿವಿನ್ಯಾಸಕ್ಕೆ ಇನ್ನೂ ಹಿಂದಿನ ಚರಿತ್ರೆಯಿದೆ. ಶ್ರೀಲಂಕಾದ ಯಾಳ್ಪಾಣದಲ್ಲಿ (ಜಾಫ್ನಾ) ಹುಟ್ಟಿ ಮಲಯಾಕ್ಕೆ ಹೋಗಿ ನೆಲೆಸಿದ್ದ ಆರ್. ಮುತ್ತಯ್ಯ 1930ರ ದಶಕದಲ್ಲಿ ತಮಿಳು ಟೈಪ್‌ರೈಟರಿಗೆ ಒಪ್ಪುವ ವಿನ್ಯಾಸ ರೂಪಿಸಿದರು. 1978ರಲ್ಲಿ ಎಂ.ಜಿ.ಆರ್. ಸರ್ಕಾರ ಪೆರಿಯಾರ್ ಸೂಚಿಸಿದ್ದ ಲಿಪಿ ಸುಧಾರಣೆಯನ್ನು ಜಾರಿಗೆ ತಂದಾಗ ಕೆಲವು ಅಕ್ಷರಗಳ ವಿಶೇಷ ರೂಪಗಳು ಹೋಗಿ ಬರವಣಿಗೆ ಯಂತ್ರಕ್ಕೆ ಇನ್ನಷ್ಟು ಹೊಂದಿಕೊಂಡಿತು. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರು, ಅನುಪ್ಪರು, ಒಕ್ಕಲಿಗರು ಮನೆಯಲ್ಲಿ ಇಂದಿಗೂ ಕನ್ನಡದ ಒಂದು ರೂಪವನ್ನಾಡುತ್ತಾರೆ. ಆದರೆ ಅವರ ಮಕ್ಕಳ ಬೆರಳು ಕಲಿತದ್ದು ತಮಿಳು ಮತ್ತು ಇಂಗ್ಲಿಷ್ ಕೀಲಿಗಳನ್ನು. ಶಾಲೆಯ ಭಾಷೆ ತಮಿಳು, ಪರೀಕ್ಷೆ ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಮನೆಮಾತನ್ನು ಬೆರಳಚ್ಚಿಸಲು ಇಲ್ಲಿ ಯಾವ ಹುದ್ದೆಯೂ ಕರೆಯಲಿಲ್ಲ.

ಇನ್‌ಸ್ಟಿಟ್ಯೂಟ್‌ಗಳು ಇನ್ನೂ ಬೆರಳಚ್ಚನ್ನೇ ಕಲಿಸುತ್ತಿದ್ದಾಗ ಹೊರಗಿನ ಜಗತ್ತಿನಲ್ಲಿ ಕಚೇರಿ ತಂತ್ರಾಂಶಗಳು ಒಂದು ರೂಪಕ್ಕೆ ಬಂದಿದ್ದವು. 1978ರಲ್ಲಿ ವರ್ಡ್‌ಸ್ಟಾರ್, 1979ರಲ್ಲಿ ವೈಯಕ್ತಿಕ ಕಂಪ್ಯೂಟರುಗಳ ಮೊದಲ ಸ್ಪ್ರೆಡ್‌ಶೀಟ್ ಆದ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್ 1-2-3 ಬಂದವು. ದತ್ತಾಂಶಕ್ಕೆ ಡಿಬೇಸ್ ಇತ್ತು. ಭಾರತದಲ್ಲಿ 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಹುಟ್ಟಿ ಖಾಸಗಿ ತರಬೇತಿಯ ಮಾರುಕಟ್ಟೆಯನ್ನು ಕಟ್ಟಿದವು. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೊ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟು ನೋಡಿತು. ಸಣ್ಣ ಊರುಗಳನ್ನು ಇದೆಲ್ಲ ತಡವಾಗಿ ಮುಟ್ಟಿತು. 1990ರ ದಶಕದಲ್ಲಿ ಟೈಪಿಂಗ್ ಶಾಲೆಯ ಮಾಲೀಕರು ರೆಮಿಂಗ್ಟನ್, ಫೆಸಿಟ್, ಗೋದ್ರೆಜ್ ಯಂತ್ರಗಳ ಪಕ್ಕದ ಕೋಣೆಯಲ್ಲಿ ಒಂದೆರಡು ಪಿಸಿ ಇಟ್ಟು, ಧೂಳಿಗೆ ಹೆದರಿ ಪರದೆ ಕಟ್ಟಿ, ಚಪ್ಪಲಿ ಹೊರಗೆ ಬಿಡಿಸಿ, ಡಿಸಿಎ, ಪಿಜಿಡಿಸಿಎ ಎಂಬ ಹೆಸರಿನ ಕೋರ್ಸುಗಳನ್ನು ತೆರೆದರು. ಶುಲ್ಕ ತಿಂಗಳ ಕಂತಿನಲ್ಲಿ, ಯಂತ್ರದ ಮುಂದೆ ಕೂರುವುದು ಗಂಟೆಯ ಲೆಕ್ಕದಲ್ಲಿ, ಉಳಿದದ್ದು ನೋಟ್ ಪುಸ್ತಕದಲ್ಲಿ. ವರ್ಡ್‌ಸ್ಟಾರ್‌ನಲ್ಲಿ ಕಡತ ಉಳಿಸಲು ಕಂಟ್ರೋಲ್-ಕೆ-ಎಸ್, ಲೋಟಸ್‌ನಲ್ಲಿ ಮೆನು ಬರಲು ಓರೆಗೆರೆಯ ಕೀಲಿ ಎಂದು ಬಾಯಿಪಾಠ ಮಾಡುತ್ತಿದ್ದ ಕಾಲವದು. ವಿಂಡೋಸ್ 95 ಬಂದ ಮೇಲೆ ಆ ಬಾಯಿಪಾಠ ಬಹುಪಾಲು ಕೆಲಸಕ್ಕೆ ಬಾರದೆ ಹೋಯಿತು. ಕೋಷ್ಟಕ ಎಂದರೇನು, ಸೂತ್ರ ಎಂದರೇನು ಎಂದು ತಿಳಿದವರು ಎಕ್ಸೆಲ್ಲಿಗೆ ಸಲೀಸಾಗಿ ದಾಟಿದರು. ಕೀಲಿಗಳನ್ನಷ್ಟೇ ಕಲಿತವರು ಮತ್ತೆ ಮೊದಲಿನಿಂದ ಶುಲ್ಕ ಕಟ್ಟಿದರು. ಈ ಕ್ಷೇತ್ರದಲ್ಲಿ ಇದು ಮುಂದೆಯೂ ಮರುಕಳಿಸಿದ ಘಟನೆ. ಆಫೀಸ್ 2007 ಮೆನುಗಳನ್ನು ತೆಗೆದು ‘ರಿಬ್ಬನ್’ ತಂದಾಗ ಹಳೆಯ ನೋಟ್ ಪುಸ್ತಕಗಳು ಇನ್ನೊಮ್ಮೆ ರದ್ದಿಯಾದವು.

ತಮಿಳಿನಲ್ಲಿ ಬೆರಳಚ್ಚಿಸುವುದು ಬೇರೆಯೇ ತಲೆನೋವು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟ್, ಒಂದೊಂದು ಸಂಕೇತ ಪದ್ಧತಿ. ಒಂದು ಕಚೇರಿಯ ಕಡತ ಇನ್ನೊಂದರಲ್ಲಿ ತೆರೆದರೆ ಕಾಗುಣಿತದ ಬದಲು ಕಸ. 1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ನಡೆದ ‘ತಮಿಳ್‌ನೆಟ್ 99’ ಸಮ್ಮೇಳನದ ನಂತರ ಸರ್ಕಾರ ‘ತಮಿಳ್99’ ಕೀಲಿವಿನ್ಯಾಸವನ್ನೂ ಟ್ಯಾಮ್, ಟ್ಯಾಬ್ ಎಂಬ ಸಂಕೇತ ಪದ್ಧತಿಗಳನ್ನೂ ಒಪ್ಪಿಕೊಂಡಿತು. 2010ರಲ್ಲಿ ಯೂನಿಕೋಡನ್ನು ಮಾನ್ಯ ಮಾಡಿತು. ತಮಿಳ್99 ಕಲಿಯಲು ಸುಲಭ, ವೇಗವೂ ಹೆಚ್ಚು. ಆದರೆ ಟೈಪ್‌ರೈಟರಿನಲ್ಲಿ ಹೈಯರ್ ಪಾಸಾದ ಕೈಗಳು ಹಳೆಯ ವಿನ್ಯಾಸವನ್ನು ಬಿಡಲೊಪ್ಪಲಿಲ್ಲ; ತಂತ್ರಾಂಶ ತಯಾರಕರೂ ಅದನ್ನು ಉಳಿಸಿಕೊಡಬೇಕಾಯಿತು. ಕನ್ನಡದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೈಕ್ರೊಸಾಫ್ಟ್ ತಮಿಳಿಗೆ ವಿಂಡೋಸ್ 2000ದಲ್ಲೇ ಯೂನಿಕೋಡ್ ಬೆಂಬಲ ಕೊಟ್ಟಿತ್ತು, ಕನ್ನಡಕ್ಕೆ ಅದು ಸಿಕ್ಕಿದ್ದು ಎಕ್ಸ್‌ಪಿಯಲ್ಲಿ. ಆದರೆ ಕೀಲಿವಿನ್ಯಾಸದ ಜಗಳ ಕರ್ನಾಟಕದಲ್ಲಿ ಬೇಗ ತಣ್ಣಗಾಯಿತು: ಕೆ.ಪಿ. ರಾವ್ ಅವರ ಧ್ವನಿ ಆಧಾರಿತ ವಿನ್ಯಾಸವೇ ಸರ್ಕಾರದ ಮನ್ನಣೆ ಪಡೆದು ‘ನುಡಿ’ಯ ಮೂಲಕ ಕಚೇರಿಗಳಿಗೆ ಹೊಕ್ಕಿತು.

ಇನ್‌ಸ್ಟಿಟ್ಯೂಟಿನ ಕಂಪ್ಯೂಟರ್ ಕೋಣೆಗೆ ಗಟ್ಟಿ ಅಡಿಪಾಯ ಹಾಕಿದ್ದು ನೇಮಕಾತಿ ನಿಯಮ. ತಾಂತ್ರಿಕ ಶಿಕ್ಷಣ ನಿರ್ದೇಶನಾಲಯದ ‘ಆಫೀಸ್ ಆಟೊಮೇಷನ್’ ಪ್ರಮಾಣಪತ್ರವನ್ನು, ಅಂದರೆ ಜನ ‘ಸಿಓಎ’ ಎನ್ನುವುದನ್ನು, ಸರ್ಕಾರಿ ಬೆರಳಚ್ಚುಗಾರ ಮತ್ತು ಸ್ಟೆನೊ ಹುದ್ದೆಗಳಿಗೆ ಅರ್ಹತೆಯಾಗಿ ಸೇರಿಸಲಾಯಿತು. ಅದಿಲ್ಲದವರೂ ಅರ್ಜಿ ಹಾಕಬಹುದು, ಆಯ್ಕೆಯಾದರೆ ಪರಿವೀಕ್ಷಣಾ ಅವಧಿಯೊಳಗೆ ಪಡೆದುಕೊಳ್ಳಬೇಕು. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಆಕ್ಸೆಸ್, ಇಂಟರ್‌ನೆಟ್ ಇದರ ಪಠ್ಯ. ಹೀಗೆ ಟೈಪಿಂಗ್ ಶಾಲೆಯ ಹಳೆಯ ಚೌಕಟ್ಟೇ ಹೊಸ ಯಂತ್ರಕ್ಕೂ ಒದಗಿತು: ಅದೇ ಮಾಲೀಕರು, ಅದೇ ಇಲಾಖೆ, ಅದೇ ಲೋವರ್-ಹೈಯರ್ ಲೆಕ್ಕಾಚಾರದ ಕೊನೆಗೆ ಇನ್ನೊಂದು ಸರ್ಟಿಫಿಕೇಟ್. ಕಲಿಕೆಗೆ ಸರ್ಕಾರಿ ಮುದ್ರೆ ಬಿದ್ದದ್ದು ಬಡವರ ಮಕ್ಕಳಿಗೆ ಅನುಕೂಲವೇ, ಏಕೆಂದರೆ ಖಾಸಗಿ ಡಿಪ್ಲೊಮಾಗಳ ಬೆಲೆ ಯಾರಿಗೂ ಖಚಿತವಿರಲಿಲ್ಲ. ಆದರೆ ಪಾಠ ಪರೀಕ್ಷೆಗೆ ಕಟ್ಟಿಬಿತ್ತು. ಮೇಲ್ ಮರ್ಜ್ ಮಾಡಿ ಅಂಕ ಗಳಿಸಿದವರು ಅದನ್ನು ನೂರು ನೋಟಿಸುಗಳಿಗೆ ಬಳಸಬಹುದು ಎಂದು ಕಚೇರಿಯಲ್ಲಿ ಕುಳಿತ ಮೇಲೂ ಯೋಚಿಸದಿರುವುದು ಇಂಥ ಕಲಿಕೆಯ ಫಲ. ಕರ್ನಾಟಕ ಹಿಡಿದ ದಾರಿ ಬೇರೆ. ಅಲ್ಲಿ 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ನಿಯಮಗಳು ಆಗಲೇ ನೌಕರಿಯಲ್ಲಿದ್ದವರನ್ನೂ ಪರೀಕ್ಷೆಗೆ ಕೂರಿಸಿದವು, ಗಡುವು ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು.

ಊರಿನ ಮಟ್ಟದ ಪ್ರಯೋಗಗಳೂ ನಡೆದವು. 2001ರಲ್ಲಿ ನೆರೆಯ ಮಧುರೆ ಜಿಲ್ಲೆಯ ಮೇಲೂರಿನಲ್ಲಿ ಐಐಟಿ ಮದ್ರಾಸಿನ ತಂತ್ರಜ್ಞಾನ ಬಳಸಿ, ಎಂಐಟಿ, ಹಾರ್ವರ್ಡ್‌ಗಳ ಜೊತೆಗೂಡಿ ‘ಸಾರಿ’ ಯೋಜನೆ ಹಳ್ಳಿಗಳಲ್ಲಿ ನಿಸ್ತಂತು ಸಂಪರ್ಕದ ಕಿಯೋಸ್ಕ್‌ಗಳನ್ನು ತೆರೆಯಿತು. ಯೋಜಿಸಿದವರ ಮನಸ್ಸಿನಲ್ಲಿ ಇ-ಆಡಳಿತ, ಕೃಷಿ ಸಲಹೆ ಇದ್ದವು. ಹಳ್ಳಿಯವರು ಹಣ ಕೊಟ್ಟು ಕೇಳಿದ ಸೇವೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠವೂ ಮುಖ್ಯವಾಗಿತ್ತು. ದಿಂಡಿಗಲ್ ಬಳಿಯ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆ 1956ರಲ್ಲಿ ಆರಂಭವಾಗಿ 1976ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಗ್ರಾಮಸೇವೆಯ ಪಠ್ಯದ ಪಕ್ಕದಲ್ಲಿ ಕಂಪ್ಯೂಟರ್ ವಿಜ್ಞಾನದ ವಿಭಾಗವೂ ಅಲ್ಲಿ ಬೆಳೆಯಿತು. 2011ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿದಾಗ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸನ್ನೂ ಹಾಕಿ ಹಂಚಲಾಯಿತು. ಮನೆಯಲ್ಲೇ ಯಂತ್ರ ಸಿಕ್ಕ ಮೊದಲ ತಲೆಮಾರು ಇದು. ಆದರೆ ಇನ್‌ಸ್ಟಿಟ್ಯೂಟುಗಳು ಕಲಿಸುತ್ತಿದ್ದದ್ದು ಮೈಕ್ರೊಸಾಫ್ಟ್ ಆಫೀಸ್ ಒಂದನ್ನೇ, ಹಾಗಾಗಿ ಲಿನಕ್ಸ್ ಬಹುತೇಕ ತೆರೆಯದ ಬಾಗಿಲಾಗಿ ಉಳಿಯಿತು. 2017ರ ಕೇಂದ್ರದ ಡಿಜಿಟಲ್ ಸಾಕ್ಷರತಾ ಅಭಿಯಾನವು ಮನೆಗೊಬ್ಬರಂತೆ 14ರಿಂದ 60 ವಯಸ್ಸಿನವರಿಗೆ 20 ಗಂಟೆಯ ಪಾಠ ಕೊಟ್ಟಿತು. ಅದು ಇಮೇಲ್, ಹಣ ಪಾವತಿಗಳಿಗೆ ಸಾಕು, ಗುಮಾಸ್ತಿಕೆಗೆ ಸಾಲದು.

ಖಾಸಗಿ ಕೆಲಸದ ಕಡೆ ತಿರುಗಿದರೆ ಪ್ರಮಾಣಪತ್ರದ ಜಾಗದಲ್ಲಿ ಟ್ಯಾಲಿ ನಿಲ್ಲುತ್ತದೆ. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯ ಈ ಲೆಕ್ಕಪತ್ರ ತಂತ್ರಾಂಶ ದಿಂಡಿಗಲ್‌ನ ನೂಲಿನ ಗಿರಣಿ, ತೊಗಲು ಹದಮಾಡುವ ಘಟಕ, ಬೀಗದ ವ್ಯಾಪಾರ, ಒಟ್ಟನ್‌ಛತ್ರದ ತರಕಾರಿ ಮಂಡಿ, ತೇನಿಯ ಸಗಟು ಅಂಗಡಿಗಳಲ್ಲಿ ಕೆಲಸ ಕೇಳುವವರಿಗೆ ಎದುರಾಗುವ ಮೊದಲ ಪ್ರಶ್ನೆಯಾಯಿತು: ಟ್ಯಾಲಿ ಗೊತ್ತಾ? 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ಬೇಡಿಕೆ ಒಮ್ಮೆಲೇ ಏರಿತು. 2018ರ ಏಪ್ರಿಲಿನಿಂದ ಹೊರರಾಜ್ಯಕ್ಕೆ 50,000 ರೂಪಾಯಿ ಮೀರಿದ, ತೆರಿಗೆ ಬೀಳುವ ಸರಕು ಸಾಗಿಸಲು ಇ-ವೇ ಬಿಲ್ ಬೇಕಾಯಿತು. ತಮಿಳುನಾಡಿನೊಳಗೆ ಆ ಮಿತಿ 1 ಲಕ್ಷ. ಗೂಡಲೂರು, ಲೋವರ್ ಕ್ಯಾಂಪ್ ದಾಟಿ ಕುಮಳಿ ಘಾಟಿ ಹತ್ತಿ ಕೇರಳಕ್ಕೆ ಹೋಗುವ ಲಾರಿಗೆ ಈ ಅಂತರ ನಿತ್ಯದ ಮಾತು. ತಾಜಾ ತರಕಾರಿಗೆ ತೆರಿಗೆಯಿಲ್ಲ, ಏಲಕ್ಕಿಗೆ ಇದೆ ಎಂಬುದನ್ನು ಮಂಡಿಯ ಗುಮಾಸ್ತ ಪುಸ್ತಕದಿಂದ ಕಲಿತದ್ದು ಕಡಿಮೆ. ಲಾರಿ ತಡೆದಾಗ, ಆಡಿಟರ್ ಕಚೇರಿಯಿಂದ ಫೋನ್ ಬಂದಾಗ ಕಲಿತದ್ದೇ ಹೆಚ್ಚು.

ಬೋಡಿನಾಯಕನೂರಿನ ಏಲಕ್ಕಿ ಹರಾಜು ಇದಕ್ಕೆ ಇನ್ನೂ ಚೆಂದದ ನಿದರ್ಶನ. ಸಂಬಾರ ಮಂಡಳಿಯ ಇ-ಹರಾಜು ಇಲ್ಲೂ ಇಡುಕ್ಕಿಯ ಪುಟ್ಟಡಿಯಲ್ಲೂ ನಡೆಯುತ್ತದೆ. ಹಿಂದೆ ಬಾಯಿಯಲ್ಲಿ ಕೂಗುತ್ತಿದ್ದ ದರವನ್ನು ವ್ಯಾಪಾರಿಗಳು ಈಗ ಪರದೆಯ ಮುಂದೆ ಕುಳಿತು ಒತ್ತುತ್ತಾರೆ. ಮಾದರಿಯನ್ನು ಕೈಯಲ್ಲಿ ಹಿಡಿದು ಗಾತ್ರ, ಹಸಿರು, ಪರಿಮಳ ನೋಡುವ ಹಳೆಯ ವಿದ್ಯೆ ಹಾಗೇ ಉಳಿದಿದೆ. ಅದರ ಮೇಲೆ ಕೀಲಿಮಣೆ ಬಂದು ಕೂತಿದೆ. ಯಾವ ಇನ್‌ಸ್ಟಿಟ್ಯೂಟಿನ ಮೆಟ್ಟಿಲನ್ನೂ ಹತ್ತದ ವ್ಯಾಪಾರಿ ಇದನ್ನು ಕಲಿತದ್ದು ಬೇಗ, ತಪ್ಪು ಅಂಕಿಗೆ ತಕ್ಷಣ ದಂಡ ತೆರಬೇಕಾದ್ದರಿಂದ.

ಈಚಿನ ಬದಲಾವಣೆ ಕಾಲೇಜುಗಳದ್ದು. 2022ರ ಮಾರ್ಚಿನಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ನಾನ್ ಮುದಲ್ವನ್’ ಯೋಜನೆ ಕಲೆ, ವಿಜ್ಞಾನ ಪದವಿಯ ಪಠ್ಯದೊಳಗೇ ಕೌಶಲ ಕೋರ್ಸುಗಳನ್ನು ತಂದಿತು. ಆಫೀಸ್ ತಂತ್ರಾಂಶದ ಪಾಠವೂ ಅವುಗಳಲ್ಲೊಂದು. ಸರ್ಕಾರಿ ಕಡತಗಳು ಇ-ಆಫೀಸಿಗೆ ಸರಿಯುತ್ತಿವೆ. ವಿದ್ಯಾರ್ಥಿಗಳು ಫೋನಿನಲ್ಲೇ ಪತ್ರ ಬರೆದು, ಮಾತಿನಿಂದ ತಮಿಳು ಬೆರಳಚ್ಚಿಸಿ, ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿ ಮುದ್ರಿಸಿಕೊಳ್ಳುತ್ತಾರೆ. ಅದೇ ಫೋನಿನಲ್ಲಿ ಕನ್ನಡ ಕೀಲಿಮಣೆಯೂ ಇದೆ, ಕಣಿವೆಯ ಕನ್ನಡಿಗರಿಗೆ ಅದು ಕೈಗೆ ಸಿಕ್ಕಿದ್ದು ಹೀಗೆ. ಲಿಪಿ ಕಲಿಯದವರು ಮನೆಮಾತನ್ನು ತಮಿಳಕ್ಷರದಲ್ಲೇ ಬರೆಯುತ್ತಾರೆ. ಫೋನಿನ ರೂಢಿ ಕಚೇರಿಯಲ್ಲಿ ಸಣ್ಣ ತೊಡಕುಗಳನ್ನೂ ತರುತ್ತದೆ. ಕಡತವನ್ನು ಫೋಲ್ಡರಿನಲ್ಲಿ ಇಡುವುದು, ಹೆಸರಿಡುವುದು, ಸಂಖ್ಯೆಯನ್ನು ಅಕ್ಷರವಾಗಿ ಅಲ್ಲದೆ ಸಂಖ್ಯೆಯಾಗಿಯೇ ಎಕ್ಸೆಲ್ಲಿನಲ್ಲಿ ತುಂಬುವುದು, ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿ ಕೋಶದೊಳಗೆ ಬರೆಯದೆ ಸೂತ್ರ ಹಾಕುವುದು ಹೊಸಬರಿಗೆ ಕೆಲಸಕ್ಕೆ ಸೇರಿದ ಮೇಲೆ ಹಿರಿಯ ಗುಮಾಸ್ತರಿಂದ ಬರುವ ಪಾಠ. ಆ ಹಿರಿಯರಲ್ಲಿ ಹಲವರು ಲೋವರ್, ಹೈಯರ್ ಎರಡನ್ನೂ ಮುಗಿಸಿ, ನಂತರ ಸಿಓಎ ಬರೆದವರು.